ಎಲೆಕೋಸಿನ ಪಕ್ಕದ ಹತ್ತು ಎಕರೆ

ಸೀಕಾಕಸ್‌ನ ಗೋದಾಮಿನಿಂದ ನನ್ನನ್ನು ತೆಗೆದದ್ದು ಕೆಲಸ ಬಾರದ್ದಕ್ಕಲ್ಲ. ಕೆಲಸವೂ ಅಷ್ಟಕ್ಕಷ್ಟೇ ಬರುತ್ತಿತ್ತು, ಅದು ಬೇರೆ ಮಾತು. ಒಂದು ಮಧ್ಯಾಹ್ನ ವಾಕಿಟಾಕಿ ಕೈಗೆ ಸಿಕ್ಕಿತು. ಸೂಪರ್‌ವೈಸರ್ ಮಾತಾಡುವ ಹಾಗೆಯೇ ಮೂಗಿನಿಂದ, ಅವನ ನಿಟ್ಟುಸಿರನ್ನೂ ಬಿಡದೆ ಸೇರಿಸಿ, ಎಲ್ಲರೂ ಹದಿನೈದು ನಿಮಿಷ ಬ್ರೇಕ್ ತೆಗೆದುಕೊಳ್ಳಿ ಎಂದೆ. ಇಡೀ ಶಿಫ್ಟು ಹೊರಗೆ ಹೋಗಿ ಬಿಸಿಲು ಕಾಯಿಸಿಕೊಂಡಿತು. ಟ್ರಕ್ಕುಗಳು ಗೇಟಿನವರೆಗೂ ಸಾಲುಗಟ್ಟಿದವು. ಸೂಪರ್‌ವೈಸರ್ ಕೂಡ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದ, ತಾನೇ ಯಾವಾಗಲೋ ಹೇಳಿರಬೇಕು ಅಂದುಕೊಂಡು. ಮಾರನೆಯ ದಿನ ನನ್ನ ಬ್ಯಾಡ್ಜಿಗೆ ಬಾಗಿಲು ತೆರೆಯಲಿಲ್ಲ.

ಆಗ ನನಗೆ ಇಪ್ಪತ್ತಾರು. ಈಸ್ಟ್ ಬ್ರನ್ಸ್‌ವಿಕ್‌ನ ಕನ್ನಡದವರ ಮನೆಗಳಲ್ಲಿ ನಾನು ಹೆಸರುವಾಸಿಯಾಗಿದ್ದೆ. ಯಾರು ಊಟಕ್ಕೆ ಕರೆದರೂ ಮೊದಲು ಮಿಮಿಕ್ರಿ, ಆಮೇಲೆ ಎಲೆ. ಆಂಟಿಯರು 'ಇಡ್ತೀನಿ ಹಾಗಾದ್ರೆ' ಎಂದ ಮೇಲೂ ಅರ್ಧ ಗಂಟೆ ಫೋನ್ ಇಡದೆ ಮಾತಾಡುವುದು, ದೇವಸ್ಥಾನದ ಭಟ್ಟರು ಮಂತ್ರದ ರಾಗದಲ್ಲೇ ಕಾರು ತೆಗೆಯಿರಿ ಎನ್ನುವುದು, ಇಂಟರ್‌ವ್ಯೂನಲ್ಲಿ ನಾನು ತೊದಲುವುದು, ಎಲ್ಲ ನನ್ನ ಹತ್ತಿರ ಇತ್ತು. ಕೆಲಸವೊಂದು ಇರಲಿಲ್ಲ.

ಕೆಲಸ ಕೊಟ್ಟವರು ಗದಗದ ಕಡೆಯ ಒಬ್ಬ ಅಂಕಲ್. ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ ಎಂಜಿನಿಯರ್ ಆಗಿ ವರ್ಷಗಟ್ಟಲೆ ದುಡಿದು ರಿಟೈರ್ ಆಗಿದ್ದರು. ಅವರದು ಎಣ್ಣೆ ಗಾಣದ ಮನೆತನ. ರಿಟೈರ್ ಆದ ಮೊದಲ ತಿಂಗಳಲ್ಲೇ ಗರಾಜಿನಿಂದ ಕಾರು ಹೊರಗೆ ಹಾಕಿ, ಕರೆಂಟಿನ ಗಾಣ ತರಿಸಿ ಒಳಗೆ ಕೂರಿಸಿದ್ದರು. ಆಂಟಿಯ ಕಾರು ಹಿಮದಲ್ಲಿ, ಗಾಣ ಹೀಟರಿನ ಪಕ್ಕದಲ್ಲಿ. ಅರೆಯಲು ಬೀಜ ಬೇಕಲ್ಲ. ಅದಕ್ಕಾಗಿ ಟರ್ನ್‌ಪೈಕ್ ಹೆದ್ದಾರಿಯ ಎಕ್ಸಿಟ್ ಏಟ್-ಎ ಹತ್ತಿರ ಹತ್ತು ಎಕರೆ ಹೊಲವನ್ನು ಲೀಸಿಗೆ ಹಿಡಿದಿದ್ದರು.

"ಏನಪಾ, ಗೋಡೌನ್ ಬಿಟ್ಟಿಯಂತ," ಎಂದರು ಫೋನಿನಲ್ಲಿ. "ಬಿಟ್ಟಿಯೋ, ಬಿಡಿಸಿದ್ರೋ?"

"ಒಮ್ಮತದಿಂದ ಆಯ್ತು ಅಂಕಲ್."

"ನಮ್ಮ ಹೊಲಕ್ಕ ಬಾ. ನಿನ್ನ ಮಿಮಿಕ್ರಿ ಕೇಳಾಕ ಅಲ್ಲೆ ಕಾಗಿ ಅದಾವು."

ಹೊಲದಲ್ಲಿ ಅವರು ಬೆಳೆಯಲು ಹೊರಟದ್ದು ಕೆನೋಲಾ. ಸಾಸಿವೆಯ ದಾಯಾದಿ. ಇಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಬಿತ್ತಬೇಕು. ಹಿಮ ಬೀಳುವುದರೊಳಗೆ ಗಿಡ ಅಂಗೈ ಅಗಲದ ಎಲೆ ಬಿಟ್ಟು, ಬೇರು ಇಳಿಸಿ, ನೆಲಕ್ಕೆ ಒತ್ತಿ ಕೂತಿರಬೇಕು. ಹಾಗೆ ಕೂತದ್ದು ಹಿಮದ ಕೆಳಗೆ ಮಲಗಿ ವಸಂತದಲ್ಲಿ ಎದ್ದು ಹಳದಿ ಹೂ ಬಿಡುತ್ತದೆ. ಕೂರದ್ದು ಸಾಯುತ್ತದೆ. ಹಿಂದಿನ ವರ್ಷ ಅಂಕಲ್ ವಸಂತದಲ್ಲೇ ಬಿತ್ತುವ ಜಾತಿ ಹಾಕಿ, ಜುಲೈ ಬಿಸಿಲಿಗೆ ಹೂವೆಲ್ಲ ಸುಟ್ಟು, ಒಂದು ಬಕೆಟ್ ಬೀಜ ಮನೆಗೆ ತಂದಿದ್ದರು. ಗಾಣ ಅದನ್ನು ತಿಂದು ಬಾಯಿ ಒರೆಸಿಕೊಂಡಿತ್ತು. ಹಾಗಾಗಿ ಈ ಶರತ್ಕಾಲವೇ ಕೊನೆಯ ಅವಕಾಶ.

ಕೊನೆಯದು ಎನ್ನಲು ಇನ್ನೊಂದು ಕಾರಣವಿತ್ತು. ಹೊಲದ ಒಡೆಯ ಪಕ್ಕದಲ್ಲೇ ಎಲೆಕೋಸು ಬೆಳೆಯುವ ಎಂಬತ್ತರ ಮುದುಕ. ಸುತ್ತಲಿನ ಹೊಲಗಳನ್ನೆಲ್ಲ ಗೋದಾಮು ಕಟ್ಟುವವರು ಕೊಂಡಾಗಿತ್ತು; ಮೂರು ಕಡೆ ಕಿಟಕಿಯಿಲ್ಲದ ಬಿಳಿ ಗೋಡೆ. ಈ ಹತ್ತು ಎಕರೆಯ ಮೇಲೂ ಅವರ ಕಣ್ಣು. ಮುದುಕನಿಗೆ ಮಾರಲು ಮನಸ್ಸಿಲ್ಲ, ಬೇರೆ ಊರಿನಲ್ಲಿರುವ ಮಗಳಿಗೆ ಮಾರದೆ ಬಿಡಲು ಮನಸ್ಸಿಲ್ಲ. ಮುದುಕ ಅಂಕಲ್‌ಗೆ ಹೇಳಿದ್ದ: ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಇದು ಹಸಿರಾಗಿರಲಿ, ಮಗಳಿಗೆ ತೋರಿಸಿ ಇನ್ನು ಮೂರು ವರ್ಷಕ್ಕೆ ಲೀಸ್ ಬರೆದುಕೊಡುತ್ತೇನೆ. ಖಾಲಿ ನೆಲ ತೋರಿಸಿ ಅವಳ ಜೊತೆ ವಾದ ಮಾಡಲು ನನ್ನ ಕೈಲಾಗದು.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯಬೇಕು.

ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಬಿತ್ತುವ ಡ್ರಿಲ್ ಎರವಲು ಕೇಳಲು ಮುದುಕನ ಹತ್ತಿರ ಹೋದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಅಷ್ಟು ದೊಡ್ಡ ಯಂತ್ರಕ್ಕೆ ಅಂಕಲ್ ಕೂರಿಗಿ ಎಂದೇ ಹೇಳುತ್ತಿದ್ದರು. ಮುದುಕ ಕೋಸಿನ ಹೊಲದ ಬದುವಿನಲ್ಲಿ ನಿಂತಿದ್ದ. ಬಾಯಲ್ಲಿ ಯಾವಾಗಲೂ ಇರುವ ಹಲ್ಲುಕಡ್ಡಿ. ಅವನ ಮಾತು ಎಂದರೆ ನನಗೆ ಹಬ್ಬ. ಒಂದು ಮಾತು, ಕಡ್ಡಿ ಎಡದಿಂದ ಬಲಕ್ಕೆ, ಒಂದು ದೀರ್ಘ 'ವೆಲ್', ಇನ್ನೊಂದು ಮಾತು, ಕಡ್ಡಿ ಬಲದಿಂದ ಎಡಕ್ಕೆ.

ಅವನು ಹೇಳಿದ್ದು ಇಷ್ಟು. ಕೋಸು ಕಿತ್ತಾಯಿತು, ಉಳಿದ ದಂಟು-ಎಲೆಯನ್ನೆಲ್ಲ ಸೋಮವಾರ ಉತ್ತು ಮುಚ್ಚುತ್ತೇನೆ. ಅದರಲ್ಲಿ ಕರಿ ಹುಳ ತುಂಬಿದೆ. ಊಟ ಕಸಿದರೆ ಅವು ಪಕ್ಕದ ಮೇಜಿಗೆ ಹೋಗುತ್ತವೆ. ನಿಮ್ಮ ಬೀಜವೂ ಕೋಸಿನ ಕುಲದ್ದೇ. ಅವು ಹಸಿದು ಚದುರಲಿ, ಆಮೇಲೆ ಬಿತ್ತಿ. ನಾನಾಗಿದ್ದರೆ ಹತ್ತು ದಿನ ಕಾಯುತ್ತಿದ್ದೆ. ಐ ವುಡ್ ವೇಟ್.

ನಾನು ಕೇಳಿದೆ. ಎಷ್ಟು ಚೆನ್ನಾಗಿ ಕೇಳಿದೆ ಎಂದರೆ, 'ವೇಟ್' ಎನ್ನುವಾಗ ಅವನ ಕೆಳದವಡೆ ಒಂದಿಷ್ಟು ಮುಂದೆ ಬಂದು ನಿಲ್ಲುವುದನ್ನೂ ಹಿಡಿದುಕೊಂಡೆ. ದಾರಿಯುದ್ದಕ್ಕೂ ಕಾರಿನ ಕನ್ನಡಿ ನೋಡಿಕೊಂಡು ಅದನ್ನೇ ಪಳಗಿಸಿದೆ.

ಆ ಸಂಜೆ ಅಂಕಲ್ ಮನೆಯಲ್ಲಿ ಊಟ. ರೊಟ್ಟಿ ಬಡಿಯುತ್ತಿದ್ದ ಆಂಟಿಗೆ ಮುದುಕನನ್ನು ತೋರಿಸಿದೆ. ಹಲ್ಲುಕಡ್ಡಿ ಇಟ್ಟುಕೊಂಡೆ, ಸೊಂಟಕ್ಕೆ ಕೈ ಕೊಟ್ಟೆ, ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕೋಸು, ಸೋಮವಾರ, ಕರಿ ಹುಳ, ಪಕ್ಕದ ಮೇಜು, ಹತ್ತು ದಿನ.

ಆಂಟಿ ಹಿಟ್ಟಿನ ಕೈಯನ್ನು ಹಣೆಗೆ ಒತ್ತಿಕೊಂಡು ನಕ್ಕರು. "ಇನ್ನೊಮ್ಮೆ ಮಾಡೋ. ಆ ಕಡ್ಡಿ ಹೊಳ್ಳಸೂದು ಮಾಡು."

ಇನ್ನೊಮ್ಮೆ ಮಾಡಿದೆ. ಈ ಸಲ 'ವೇಟ್' ಅನ್ನು ಇನ್ನಷ್ಟು ಎಳೆದೆ. ಅಂಕಲ್‌ಗೆ ನಗು ಹತ್ತಿ ಕೆಮ್ಮು ಬಂದು ನೀರು ಕುಡಿಯಬೇಕಾಯಿತು.

"ಥೇಟ್ ಅಂವನ ನೋಡು," ಎಂದರು ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತರು. "ಬುಧವಾರ ಪಕ್ಷ ಹತ್ತತೈತಿ. ಅದಕ್ಕಿಂತ ಮೊದಲ ಬೀಜ ಮಣ್ಣಾಗ ಬೀಳಬೇಕು. ರವಿವಾರ ಬಿತ್ತೂಣು."

"ಆಯ್ತು ಅಂಕಲ್," ಎಂದೆ. ಬಾಯಲ್ಲಿ ಇನ್ನೂ ಕಡ್ಡಿ ಇತ್ತು.

ಪಿತೃಪಕ್ಷದ ಹದಿನೈದು ದಿನ ಆ ಮನೆಯಲ್ಲಿ ಯಾವ ಹೊಸ ಕೆಲಸವನ್ನೂ ಹಿಡಿಯುವುದಿಲ್ಲ. ಹಿರಿಯರ ದಿನಗಳು. ಎಲ್ಲ ಮನೆಗಳಲ್ಲೂ ಇಷ್ಟೋ ಅಷ್ಟೋ ಇದ್ದದ್ದೇ, ಆದರೆ ಅಂಕಲ್ ಮನೆಯಲ್ಲಿ ಬಿಗಿ ಜಾಸ್ತಿ. ಅವರ ಅಪ್ಪ ತೀರಿಕೊಂಡಾಗ ಪ್ಲಾಂಟಿನಲ್ಲಿ ಏನೋ ದೊಡ್ಡ ರಿಪೇರಿ ನಡೆದಿತ್ತು. ಹೊರಡುವುದು ಎರಡು ದಿನ ತಡವಾಯಿತು, ಅಷ್ಟರಲ್ಲಿ ಊರಿನಲ್ಲಿದ್ದ ತಮ್ಮ ಎಲ್ಲ ಮುಗಿಸಿದ್ದ. 'ಇನ್ನ ಯಾಕ ಬರ್ತಿ' ಎಂದು ಅವನು ಫೋನಿನಲ್ಲಿ ಹೇಳಿದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು. ತಮ್ಮನ ವಾಟ್ಸಾಪ್ ವಾಯ್ಸ್ ಮೆಸೇಜುಗಳೆಲ್ಲ ಆಂಟಿಗೆ ಬರುತ್ತಿದ್ದವು. ಆಂಟಿ ಅಡಿಗೆಮನೆಯಲ್ಲಿ ಸ್ಪೀಕರಿನಲ್ಲಿ ಹಾಕುತ್ತಿದ್ದರು, ಅಂಕಲ್ ಪಕ್ಕದ ಕೋಣೆಯಲ್ಲಿ ಟಿವಿ ಸದ್ದು ತಗ್ಗಿಸುತ್ತಿದ್ದರು.

ಭಾನುವಾರ ಬಿತ್ತಿದೆವು. ಆಂಟಿ ಡ್ರಿಲ್ಲಿಗೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. ಬೀಜಕ್ಕೆ ನಾವು ಔಷಧಿ ಹಚ್ಚಿರಲಿಲ್ಲ. ಅಂಗಡಿಯವನು ನೀಲಿ ಬಣ್ಣದ ಔಷಧಿ ಬಳಿದ ಬೀಜ ಕೊಡಲು ಬಂದರೆ ಅಂಕಲ್ ಮೂಗು ಮುರಿದು, "ಗಾಣದ ಎಣ್ಣಿಗೆ ವಿಷದ ಬೀಜ ಬ್ಯಾಡ," ಎಂದು ಬರಿಯ ಬೀಜ ತಂದಿದ್ದರು. ಸೋಮವಾರ ಮುದುಕ ಹೇಳಿದ ಹಾಗೆಯೇ ಕೋಸಿನ ಹೊಲ ಉತ್ತ. ನಾನು ಬದುವಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತ ನೋಡಿದೆ. ಕೈ ಕೂಡ ಬೀಸಿದೆ.

ಮುಂದಿನ ಶನಿವಾರದ ಹೊತ್ತಿಗೆ ಮೊಳಕೆ ಎದ್ದಿತ್ತು. ನೆಲದ ಮೇಲೆ ಯಾರೋ ಹಸಿರು ದಾರದಿಂದ ಸಾಲು ಹೊಲಿದ ಹಾಗೆ. ಅಂಕಲ್ ಒಂದು ತಂತಿಯ ಬಳೆ ಮಾಡಿಕೊಂಡಿದ್ದರು. ಅದನ್ನು ಅಲ್ಲಲ್ಲಿ ನೆಲಕ್ಕಿಟ್ಟು ಒಳಗೆ ಎಷ್ಟು ಸಸಿ ಇದೆ ಎಂದು ಎಣಿಸಿ, ಅಲ್ಲೊಂದು ಗುರುತಿನ ಕಡ್ಡಿ ನೆಡುವುದು. ಮೊದಲ ದಿನ ಎಣಿಸಿ, "ಹತ್ತೈತಿ ನೋಡಪಾ, ಹತ್ತೈತಿ," ಎಂದು ನನ್ನ ಬೆನ್ನಿಗೆ ಗುದ್ದಿದರು. ಅವರು ಯಾರ ಬೆನ್ನಿಗೂ ಗುದ್ದುವವರಲ್ಲ.

ಸೋಮವಾರ ಬೆಳಿಗ್ಗೆ ಕೋಸಿನ ಹೊಲದ ಕಡೆಯ ಸಾಲುಗಳು ಕಾಣಲಿಲ್ಲ. ಹತ್ತಿರ ಹೋಗಿ ಬಗ್ಗಿದೆ. ಪ್ರತಿ ಸಸಿಯ ಎರಡೇ ಎರಡು ಎಲೆ ಜರಡಿಯಾಗಿದ್ದವು. ಅವುಗಳ ಮೇಲೆ ಎಳ್ಳಿನಷ್ಟು ದೊಡ್ಡ ಕರಿ ಹುಳ, ಹೊಳಪು ಬೆನ್ನು. ಬೆರಳು ತಂದರೆ ಚಿಗಟದ ಹಾಗೆ ಪಟ್ಟನೆ ಹಾರಿ ಪಕ್ಕದ ಸಸಿಗೆ. ಕಿವಿಗೊಟ್ಟರೆ ಒಣಗಿದ ಎಲೆಗಳ ಮೇಲೆ ಅವು ಬೀಳುವ ಸಣ್ಣ ಸದ್ದು ಕೇಳುತ್ತಿತ್ತು. ನಾನು ಯಾವ ಸದ್ದನ್ನೂ ಬಿಡದವನು. ಅದನ್ನೂ ನಾಲಿಗೆ ಅಂಗುಳಿಗೆ ತಾಗಿಸಿ ಮಾಡಿ ನೋಡಿದೆ. ನನ್ನ ಮೇಲೆ ನನಗೇ ಅಸಹ್ಯ ಬಂದ ಕೆಲವೇ ಗಳಿಗೆಗಳಲ್ಲಿ ಅದೂ ಒಂದು.

ಔಷಧಿ ಹೊಡೆಯುವವನಿಗೆ ಫೋನ್ ಮಾಡಿದರೆ ಶುಕ್ರವಾರ ಬರುತ್ತೇನೆ ಎಂದ. ಒಂದು ಹನಿ ಮಳೆಯಿಲ್ಲ, ಸೆಪ್ಟೆಂಬರಿಗೆ ಒಪ್ಪದ ಬಿಸಿಲು. ಹುಳಕ್ಕೆ ಬೇಕಾದದ್ದೂ ಅದೇ. ಬುಧವಾರದೊಳಗೆ ಔಷಧಿ ಹೊಡೆಸಿಕೊಳ್ಳಲು ಹೊಲದಲ್ಲಿ ಏನೂ ಉಳಿಯಲಿಲ್ಲ.

ಮುದುಕ ಬಂದು ಬದುವಿನಲ್ಲಿ ನಿಂತ. ಕಡ್ಡಿ ಅಲ್ಲಾಡಲಿಲ್ಲ. "ನೀನು ಅವರಿಗೆ ಹೇಳಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹೇಳಿದೆ," ಎಂದೆ.

ಸುಳ್ಳಲ್ಲ. ಎರಡು ಸಲ ಹೇಳಿದ್ದೆ.

ಅವನು ಹೋದ ಮೇಲೆ ಅಂಕಲ್ ತಂತಿಯ ಬಳೆ ಹಿಡಿದುಕೊಂಡೇ ಕೇಳಿದರು, "ಅಂವ ಅವತ್ತ ಏನಂದಿದ್ದ? ಮತ್ತೊಮ್ಮೆ ಹೇಳು."

ನನಗೆ ಬೇರೆ ರೀತಿ ಬರುವುದಿಲ್ಲ. 'ವೆಲ್' ಎಂದು ಎಳೆದೇ ಶುರುಮಾಡಿದೆ.

"ದನಿ ಬ್ಯಾಡ. ಮಾತಷ್ಟ ಹೇಳು."

ಮಾತಷ್ಟನ್ನೇ ಹೇಳಿದೆ. ಧ್ವನಿ ತೆಗೆದರೆ ಬಹಳ ಚಿಕ್ಕದಾಗಿತ್ತು. ಆರೇ ಆರು ಸಾಲು. ಅಂಕಲ್ ತಲೆ ತಗ್ಗಿಸಿ ಕೇಳಿ, "ನಾನೂ ನಕ್ಕೆನಲ್ಲ," ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನು ನಾನು ಮುಂದಿನ ಊಟಕ್ಕೆ ಮಾಡಿ ತೋರಿಸುತ್ತಿದ್ದೆ ಎಂದು ಅವರಿಗೆ ಅನಿಸಿರಬೇಕು.

ಇನ್ನೂ ದಾರಿಯಿತ್ತು. ಅರ್ಧ ಚೀಲ ಬೀಜ ಮಿಕ್ಕಿತ್ತು, ಇನ್ನರ್ಧ ಅಂಗಡಿಯಲ್ಲಿ ಸಿಗುತ್ತಿತ್ತು. ಹುಳ ತಿನ್ನಲು ಏನೂ ಇಲ್ಲದೆ ಬದುವಿನ ಎಲೆಕಸದ ಕಡೆ ಸರಿಯುತ್ತಿತ್ತು. ಆ ವಾರವೇ ಮತ್ತೆ ಬಿತ್ತಿದ್ದರೆ ಗಿಡಕ್ಕೆ ಹಿಮದ ಮೊದಲು ಒಂದಿಷ್ಟು ದಿನ ಸಿಗುತ್ತಿತ್ತು. ಮುದುಕನೂ ಅದನ್ನೇ ಹೇಳಿದ: ಈಗ ಕಾಯಬೇಡಿ.

"ಪಕ್ಷದಾಗ ಬೀಜ ಹಾಕಂಗಿಲ್ಲ," ಎಂದರು ಅಂಕಲ್.

"ಇದು ಹೊಸದಾಗಿ ಬಿತ್ತೋದಲ್ಲ ಅಂಕಲ್, ಹೋದದ್ದನ್ನ ತುಂಬೋದು," ಎಂದೆ.

"ರೀ, ಅಂವ ಹೇಳೂದು ಕೇಳ್ರಿ," ಎಂದರು ಆಂಟಿ ಕೂಡ. "ಮಣ್ಣಿಗೇನ್ ಕ್ಯಾಲೆಂಡರ್ ಗೊತ್ತೈತೇನು?"

"ನನಗ ಗೊತ್ತೈತಿ," ಎಂದರು ಅಂಕಲ್. "ಅಪ್ಪಗ ಅದೊಂದ ಆದ್ರೂ ಸರಿಯಾಗಿ ಮಾಡೇನಿ. ಅದನ್ನೂ ಬಿಡು ಅಂತೀರೇನು?" ಅಲ್ಲಿಗೆ ಆ ಮಾತು ಮುಗಿಯಿತು. ಅಮಾವಾಸ್ಯೆಗೆ ಇನ್ನೂ ಒಂದು ವಾರವಿತ್ತು.

ಆಗ ನನಗೊಂದು ಬುದ್ಧಿ ಹೊಳೆಯಿತು. ನನಗೆ ಹೊಳೆದ ಬುದ್ಧಿಗಳ ಪಟ್ಟಿಯಲ್ಲಿ ವಾಕಿಟಾಕಿಯೂ ಇದೆ ಎನ್ನುವುದನ್ನು ಓದುವವರು ಗಮನಿಸಬೇಕು. ಗದಗದಲ್ಲಿ ನಿಜವಾಗಿ ಹೊಲ ಮಾಡುತ್ತಿರುವವನು ಅಂಕಲ್‌ರ ತಮ್ಮ. ಅವನು ಏನು ಮಾಡುತ್ತಾನೆ? ಆಂಟಿಯ ಫೋನಿನಿಂದ ನಂಬರು ಬರೆದುಕೊಂಡೆ. ಯಾಕೆಂದು ಆಂಟಿಗೆ ಹೇಳಲಿಲ್ಲ; ಅಣ್ಣತಮ್ಮಂದಿರ ನಡುವೆ ಅವರು ಸಿಕ್ಕಿಹಾಕಿಕೊಳ್ಳುವುದು ಬೇಡ ಎಂದು. ಹೊಲದ ಬದುವಿನಿಂದಲೇ ಫೋನ್ ಮಾಡಿದೆ. ಅಲ್ಲಿ ಸಂಜೆ, ಹಿಂದೆ ಎಮ್ಮೆ ಕೂಗುತ್ತಿತ್ತು.

ನಾನು ಯಾರೆಂದು ಹೇಳಿ, ಪಕ್ಷದಲ್ಲಿ ಬಿತ್ತುತ್ತೀರಾ ಎಂದು ಕೇಳಿದೆ. ತಮ್ಮ ಮೊದಲು ಕೆಮ್ಮಿದ.

"ಏ ತಮ್ಮಾ, ಪಕ್ಷಾ ನೋಡಕೋಂತ ಕುಂತ್ರ ಹಸಿ ಆರಿ ಹೋಗತೈತಿ," ಎಂದ. ಹಸಿ ಎಂದರೆ ಮಣ್ಣಿನ ತೇವ. "ನಾವಿಲ್ಲೆ ನಿನ್ನಿನ ಜ್ವಾಳಾ ಬಿತ್ತೇವಿ. ಹಿರ್ಯಾರಿಗೆ ಎಡಿ ಹಿಡಿಯೂದು ಹಿಡೀತೀವಿ, ಕೂರಿಗಿ ಹೂಡೂದು ಹೂಡತೀವಿ. ಹಸಿ ಅಂದ್ರ ಏನಂತ ಹಿರ್ಯಾರಿಗೂ ಗೊತ್ತೈತಿ. ಅಪ್ಪಾನೂ ಹಂಗ ಮಾಡತಿದ್ದ. ಅಣ್ಣಗ ಹೇಳು. ನಾ ಹೇಳೀನಂತ ಹೇಳು."

ನಾನು ಕಾರು ಹತ್ತಿ ಗರಾಜಿಗೆ ಓಡಿದೆ. ಅಂಕಲ್ ಗಾಣದ ತಿರುಪು ಬಿಚ್ಚಿ ಒರೆಸುತ್ತಿದ್ದರು; ಅರೆಯಲು ಏನೂ ಇಲ್ಲದ ಗಾಣ ಎಷ್ಟು ಶುಭ್ರವಾಗಿತ್ತೋ ಹೇಳತೀರದು. ಬಾಗಿಲಲ್ಲೇ ನಿಂತು ಶುರುಮಾಡಿದೆ. ಕೆಮ್ಮಿನಿಂದ ಶುರುಮಾಡಿದೆ. ಆ ಗಂಟಲು, ಆ ಎಳೆತ, 'ಹಸಿ' ಎನ್ನುವಾಗಿನ ಒತ್ತು. ಎರಡು ವರ್ಷದಿಂದ ವಾಯ್ಸ್ ಮೆಸೇಜ್ ಕೇಳಿ ಕೇಳಿ ಆ ಧ್ವನಿ ನನಗೆ ಕರಗತವಾಗಿತ್ತು. ಆಂಟಿಯನ್ನು ನಗಿಸಲು ಎಷ್ಟೋ ಸಲ ಮಾಡಿದ್ದೆ. ಆವತ್ತು ಮಾಡಿದ್ದೇ ಎಲ್ಲಕ್ಕಿಂತ ಚೆನ್ನಾಗಿ ಬಂತು.

ಅಂಕಲ್ ತಿರುಪು ಒರೆಸುವುದನ್ನು ನಿಲ್ಲಿಸಿ ಕೇಳಿದರು. 'ಅಪ್ಪಾನೂ ಹಂಗ ಮಾಡತಿದ್ದ' ಎನ್ನುವಾಗ ಮುಖ ಒಂದು ನಮೂನೆ ಆಯಿತು. ಆಮೇಲೆ ನಕ್ಕರು, ಹಲ್ಲು ಕಾಣದ ಹಾಗೆ.

"ಚಲೋ ಮಾಡ್ತಿ. ಕೆಮ್ಮೂ ತಂದಿಯಲ್ಲ."

"ಅಂಕಲ್, ಇದು ನಿಜ. ಈಗಷ್ಟೇ ಫೋನ್ ಮಾಡಿದ್ದೆ."

"ಟ್ರ್ಯಾಕ್ಟರ್ ಕೆರ್‍ಯಾಗ ಬಿತ್ತು ಅಂದಾಗನೂ ನಿಜ ಅಂದಿದ್ದಿ."

ಅದು ಜೂನಿನ ಮಾತು. ಮುದುಕನ ಧ್ವನಿಯಲ್ಲಿ ಅಂಕಲ್‌ಗೆ ಫೋನ್ ಮಾಡಿ, ನಿಮ್ಮ ಹುಡುಗ ಟ್ರ್ಯಾಕ್ಟರನ್ನು ಕೆರೆಗೆ ಇಳಿಸಿದ್ದಾನೆ ಎಂದಿದ್ದೆ. ಅವರು ಮನೆಯ ಚಪ್ಪಲಿಯಲ್ಲೇ ಡ್ರೈವ್ ಮಾಡಿಕೊಂಡು ಬಂದಿದ್ದರು.

"ಮಂದಿ ದನಿ ಮಾಡು, ಬ್ಯಾಡ ಅನ್ನೂದಿಲ್ಲ," ಎಂದರು ಈಗ. "ಅಪ್ಪನ ಮಾತು ನಡುವ ತರಬ್ಯಾಡ."

ಫೋನ್ ನನ್ನ ಜೇಬಿನಲ್ಲಿತ್ತು. ತೆಗೆದು ನಂಬರು ತೋರಿಸಿದ್ದರೆ ಸಾಕಿತ್ತು. ಐದು ಸೆಕೆಂಡಿನ ಕೆಲಸ. ಇಲ್ಲವೇ ಅಲ್ಲೇ ಫೋನ್ ಹಚ್ಚಿ ಅವರ ಕೈಗೆ ಕೊಟ್ಟುಬಿಡಬಹುದಿತ್ತು. ನನಗೆ ಸಿಟ್ಟು ಬಂದಿತ್ತು. ಜೀವನದಲ್ಲಿ ಮೊದಲ ಸಲ ಯಾರಿಗೋ ಉಪಯೋಗವಾಗುವ ಮಾತು ತಂದಿದ್ದೇನೆ, ಇವರು ನಂಬುವುದಿಲ್ಲವಂತೆ. ನಂಬದಿದ್ದರೆ ಬಿಡಲಿ, ಒಣಗಲಿ, ನನಗೇನು ಅಂದುಕೊಂಡೆ. ಜೇಬಿನಲ್ಲಿ ಕೈ ಇಟ್ಟುಕೊಂಡೇ ಹೊರಗೆ ಬಂದೆ. ಮೂರು ದಿನ ಹೊಲಕ್ಕೆ ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಅಮಾವಾಸ್ಯೆಯ ದಿನ ಆಂಟಿ ಹೋಳಿಗೆ ಮಾಡಿ ಹಿರಿಯರಿಗೆ ಎಡೆ ಹಿಡಿದರು. ಮಾರನೆಯ ಬೆಳಿಗ್ಗೆ ಅಂಕಲ್ ಡ್ರಿಲ್ ಹೂಡಿದರು. ಅಕ್ಟೋಬರ್ ಬಂದಾಗಿತ್ತು. ಹುಳವಿರಲಿಲ್ಲ, ಹಸಿಯೂ ಇರಲಿಲ್ಲ. ಮಳೆ ಬಾರದೆ ಮಣ್ಣು ಬೂದಿಯ ಹಾಗೆ ಟೈರಿನ ಹಿಂದೆ ಎದ್ದು ಹೋಗುತ್ತಿತ್ತು. ಒಂದು ವಾರ ಬೀಜ ನೆಲದಲ್ಲಿ ಸುಮ್ಮನೆ ಮಲಗಿತ್ತು. ಎದ್ದಾಗ ಅಲ್ಲೊಂದು ಇಲ್ಲೊಂದು ಎದ್ದಿತು.

ಆ ನಡುವೆ ವಿಜಯದಶಮಿ ಬಂತು. ತಮ್ಮ ಆಂಟಿಗೆ ಬನ್ನಿ ಹಬ್ಬದ ಶುಭಾಶಯ ಹೇಳಲು ಫೋನ್ ಮಾಡಿದವನು, ಆ ಹುಡುಗ ಕೇಳಿದ್ದನಲ್ಲ, ಬಿತ್ತಿದಿರೇನು ಎಂದು ವಿಚಾರಿಸಿದನಂತೆ. ಸ್ಪೀಕರ್ ಹಾಕಿತ್ತು. ಪಕ್ಕದ ಕೋಣೆಯಲ್ಲಿ ಟಿವಿ ಸದ್ದು ತಗ್ಗಿತ್ತು. ಇದನ್ನು ಆಂಟಿ ಆಮೇಲೆ ನನಗೆ ಹೇಳಿದರು. ಅಂಕಲ್ ಹೇಳಿದ್ದು ಇನ್ನೂ ಕಡಿಮೆ. ಮಾರನೆಯ ದಿನ ಹೊಲದಲ್ಲಿ, ತಂತಿಯ ಬಳೆಯಿಂದ ಕಣ್ಣೆತ್ತದೆ ಕೇಳಿದರು.

"ನೀ ಖರೇನ ಫೋನ್ ಮಾಡಿದ್ದಿ."

"ಹೌದು ಅಂಕಲ್."

"ನಂಬರ್ ತೋರಸಬೇಕಾಗಿತ್ತು."

"ಹೌದು."

"ಯಾಕ ತೋರಸಲಿಲ್ಲ?"

ನಾನು ಎಣಿಕೆ ಬರೆಯುವ ಪುಸ್ತಕದ ಹಾಳೆ ತಿರುವಿದೆ. ಅವರು ಬಳೆಯನ್ನು ಮುಂದಿನ ಜಾಗಕ್ಕೆ ಇಟ್ಟರು. "ನಾಕು," ಎಂದರು. ನಾನು ಬರೆದುಕೊಂಡೆ. ಸೆಪ್ಟೆಂಬರಿನಲ್ಲಿ ಅದೇ ಬಳೆಯೊಳಗೆ ಹನ್ನೆರಡು ಇದ್ದವು.

ತಮ್ಮನಿಗೆ ಅವರು ಫೋನ್ ಮಾಡಿದರೋ ಇಲ್ಲವೋ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ. ಪಕ್ಷದಲ್ಲಿ ಅಲ್ಲಿನವರು ಬಿತ್ತುತ್ತಾರೆ, ಅವರ ಅಪ್ಪನೇ ಬಿತ್ತುತ್ತಿದ್ದ. ಇಲ್ಲಿ, ಸಮುದ್ರ ದಾಟಿ ಬಂದು, ಟರ್ನ್‌ಪೈಕ್‌ನ ಪಕ್ಕದಲ್ಲಿ ಅಂಕಲ್ ಅಪ್ಪನಿಗಿಂತ ಬಿಗಿಯಾಗಿ ಅಪ್ಪನ ನಿಯಮ ಕಾಯ್ದಿದ್ದರು. ಅದನ್ನು ತಿಳಿದ ಮೇಲೂ ಅವರ ಮುಖ ಎಂದಿನಂತೆಯೇ ಇತ್ತು. ಸಂಜೆ ಹೊರಡುವಾಗ ಮಾತ್ರ, "ಅಪ್ಪ ಜ್ವಾಳಾ ಬಿತ್ತೂದು ನಾ ನೋಡೇ ಇಲ್ಲ," ಎಂದರು. "ನಾ ಹಾಸ್ಟೆಲ್‌ನ್ಯಾಗ ಇರತಿದ್ದೆ."

ನವೆಂಬರಿನಲ್ಲಿ ಬಾತುಗಳು ಬಂದವು. ಇಲ್ಲಿನ ದೊಡ್ಡ ಕಾಡುಬಾತುಗಳು, ಕತ್ತು ಕಪ್ಪು, ನಡಿಗೆ ಹೋಂ ಓನರ್ಸ್ ಅಸೋಸಿಯೇಶನ್ನಿನ ಅಧ್ಯಕ್ಷರದ್ದು. ಸುತ್ತ ಎಲ್ಲೂ ಹಸಿರಿಲ್ಲ. ನಮ್ಮ ಎರಡು-ಮೂರು ಎಲೆಯ ಸಸಿಗಳೇ ಅವುಗಳಿಗೆ ಮೃಷ್ಟಾನ್ನ. ಅಂಕಲ್ ಸ್ಟೀಲ್ ತಟ್ಟೆ ಬಡಿಯುತ್ತ ಒಂದು ಕಡೆಯಿಂದ ಓಡಿದರೆ ಅವು ಇನ್ನೊಂದು ಕಡೆ ಹೋಗಿ ಇಳಿಯುತ್ತಿದ್ದವು. ನಾನು ನಾಯಿಯ ಹಾಗೆ ಬೊಗಳಿದೆ, ನರಿಯ ಹಾಗೆ ಕೂಗಿದೆ, ಬಂದೂಕಿನ ಸದ್ದು ಮಾಡಿದೆ. ಜಗತ್ತಿನಲ್ಲಿ ನನ್ನ ಮಿಮಿಕ್ರಿಗೆ ಬೀಳದ ಏಕೈಕ ಪ್ರೇಕ್ಷಕರು. ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸಿ ತಿಂದವು. ಮುದುಕ ತನ್ನ ಹಳೆಯ ನಾಯಿಯನ್ನು ಕಳಿಸಿಕೊಟ್ಟ. ಅದು ಒಮ್ಮೆ ಅಟ್ಟಿಸಿಕೊಂಡು ಹೋಗಿ, ಏದುಸಿರು ಬಿಡುತ್ತ ನನ್ನ ಪಕ್ಕದಲ್ಲಿ ಕೂತು ಬಿಟ್ಟಿತು.

ಥ್ಯಾಂಕ್ಸ್‌ಗಿವಿಂಗ್‌ಗೆ ಎರಡು ದಿನ ಇರುವಾಗ ಮುದುಕ ಹೊಲಕ್ಕೆ ಬಂದ. ಕೋಟಿನ ಕಾಲರ್ ಎತ್ತಿಕೊಂಡಿದ್ದ. ಸಾಲಿನಿಂದ ಸಾಲಿಗೆ ನಡೆದು, ಕಷ್ಟಪಟ್ಟು ಮಂಡಿಯೂರಿ, ಬಾತು ಕತ್ತರಿಸಿ ಬಿಟ್ಟ ಒಂದು ಮೋಟು ಸಸಿಯನ್ನು ಎರಡು ಬೆರಳಿನಿಂದ ಹಿಡಿದು ನೋಡಿದ.

"ಬೇರಿನ ತಲೆ ಉಳಿದಿದೆ," ಎಂದ. "ಕೆಲವು ಏಳಬಹುದು. ಎದ್ದದ್ದನ್ನು ನೋಡಿದ್ದೇನೆ. ಆದರೆ ಮಗಳಿಗೆ ತೋರಿಸಲು ಇದು ಸಾಲದು." ಆಮೇಲೆ ನನ್ನ ಕಡೆ ತಿರುಗಿ, "ನನ್ನ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಡು. ನನ್ನ ಕೈ ನಡುಗುತ್ತೆ. ಅವಳು ಕೇಳಿದ್ದಾಳೆ," ಎಂದ.

ಫೋನ್ ತೆಗೆದುಕೊಂಡು ಹೊಲದಲ್ಲಿ ಬೋರಲು ಮಲಗಿದೆ. ಈ ವಿದ್ಯೆ ನನಗೆ ಗೊತ್ತಿತ್ತು. ಕ್ಯಾಮರಾ ನೆಲಕ್ಕೆ ತಾಗುವಷ್ಟು ಕೆಳಗಿಟ್ಟು ಸಾಲಿನ ಉದ್ದಕ್ಕೆ ಹಿಡಿದರೆ ನಡುವಿನ ಖಾಲಿ ಮಣ್ಣು ಕಾಣುವುದಿಲ್ಲ. ದೂರದ ಸಸಿಗಳೆಲ್ಲ ಒಂದರ ಹಿಂದೆ ಒಂದು ಸೇರಿ ಹಸಿರು ಹಾಸಿನ ಹಾಗೆ ಬರುತ್ತದೆ. ಬಂತು. ಸ್ಕ್ರೀನಿನಲ್ಲಿ ಚೆಂದದ ಹೊಲವಿತ್ತು. ಎದ್ದು ಇಬ್ಬರಿಗೂ ತೋರಿಸಿದೆ. ಮುದುಕ ಬಹಳ ಹೊತ್ತು ನೋಡಿದ, ಬೇಡ ಎನ್ನಲಿಲ್ಲ, ಕಳಿಸು ಎಂದೂ ಹೇಳಲಿಲ್ಲ. ಕಣ್ಣು ಎತ್ತಿ ಅಂಕಲ್ ಕಡೆ ನೋಡಿದ.

ಅಂಕಲ್ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಅವರು ಬಯಸಿದ್ದ ಹೊಲವೇ ಅದು. ನನಗೆ ಅನಿಸಿದ್ದು, ಹ್ಞೂಂ ಅನ್ನುತ್ತಾರೆ ಎಂದು. ಅನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಬ್ಯಾಡ," ಎಂದರು. "ಎದ್ದು ನಿಂತು ತೆಗಿ. ಇದ್ದದ್ದು ಇದ್ದಂಗ."

"ಅಂಕಲ್, ಒಂದು ಫೋಟೋ ತಾನೆ. ವಸಂತದಲ್ಲಿ ಎದ್ದರೂ ಎದ್ದೀತು, ಅವರೇ ಹೇಳ್ತಿದಾರೆ."

"ಆ ಹುಡುಗಿ ಬಂದು ನೋಡಿದ್ಲು ಅಂದ್ರ? ಈ ಮುದುಕ ಏನಂತ ಹೇಳಬೇಕು ಆಕಿಗೆ?" ಧ್ವನಿ ಏರಲಿಲ್ಲ. "ಎದ್ದು ನಿಂತು ತೆಗಿ ತಮ್ಮಾ."

ಎದ್ದು ನಿಂತು ತೆಗೆದೆ. ಕಂದು ಮಣ್ಣು, ಬಾತುಗಳ ಹಿಕ್ಕೆ, ಅಲ್ಲಲ್ಲಿ ಹಸಿರು ಮೋಟು, ಹಿಂದೆ ಬಿಳಿ ಗೋಡೆ. ಅದನ್ನೇ ಕಳಿಸಿದೆ. ಅಂಕಲ್ ನನ್ನನ್ನು ಮೊದಲ ಸಲ ತಮ್ಮಾ ಎಂದದ್ದು ಎಂದು ಆಮೇಲೆ ಹೊಳೆಯಿತು, ಆದರೆ ಆ ಹೊತ್ತಿಗೆ ಅದರಿಂದ ನನಗೆ ಖುಷಿಯಾಗಲಿಲ್ಲ.

ಮೂವರೂ ಚಳಿಯಲ್ಲಿ ನಿಂತಿದ್ದೆವು. ನಾಲ್ಕೈದು ನಿಮಿಷದಲ್ಲಿ ನನ್ನ ಕೈಯಲ್ಲೇ ಇದ್ದ ಫೋನ್ ಅದುರಿತು. ಮಗಳ ಉತ್ತರ. ಒಂದು ಹಳದಿ ಹೆಬ್ಬೆರಳು, ಮೇಲಕ್ಕೆ ನೆಟ್ಟದ್ದು. ಅಷ್ಟೇ.

"ಏನಂದ್ಲು?" ಎಂದು ಅಂಕಲ್ ಕೇಳಿದರು.

ಫೋನನ್ನು ಅವರ ಮುಂದೆ ಹಿಡಿದೆ. ಅವರು ನೋಡಿ, ಇನ್ನೂ ಏನಾದರೂ ಬರುತ್ತದೆಯೇನೋ ಎಂದು ಸ್ವಲ್ಪ ಹೊತ್ತು ಕಾದರು. ಬರಲಿಲ್ಲ. ಮುದುಕ ಫೋನ್ ಇಸಿದುಕೊಂಡು ಕೋಟಿನ ಒಳಜೇಬಿಗೆ ಹಾಕಿದ. ಇನ್ನು ಮಾರಲೇಬೇಕು, ಡಿಸೆಂಬರ್ ಕೊನೆಗೆ ಲೀಸ್ ಮುಗಿಯುತ್ತದೆ, ಗೇಟಿನ ಬೀಗದ ಕೈ ತನ್ನ ಅಂಚೆ ಡಬ್ಬದಲ್ಲಿ ಹಾಕಿದರೆ ಸಾಕು ಎಂದು ಹೇಳಿದ. ಅಂಕಲ್ ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ, "ಐ ಅಂಡರ್‌ಸ್ಟ್ಯಾಂಡ್. ಥ್ಯಾಂಕ್ ಯೂ ಫಾರ್ ಎವ್ರಿಥಿಂಗ್," ಎಂದು ಕೈ ಕುಲುಕಿದರು.

ಮುದುಕ ಹೋದ ಮೇಲೆ, ಇನ್ನೇನು ಹೊರಡೋಣ ಎಂದು ನಾನು ಕಾರಿನ ಕಡೆ ಹೆಜ್ಜೆ ಹಾಕಿದ್ದೆ. ತಿರುಗಿ ನೋಡಿದರೆ ಅಂಕಲ್ ಬಗ್ಗಿಕೊಂಡು ಹೊಲದ ನಡುವೆ ನೆಟ್ಟಿದ್ದ ಗುರುತಿನ ಕಡ್ಡಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಸಸಿಗಳ ಮೇಲೆ ಕಾಲು ಬೀಳದ ಹಾಗೆ, ಸಾಲುಗಳ ನಡುವೆಯೇ ಹೆಜ್ಜೆ ಇಡುತ್ತಿದ್ದರು.